ಹಳೆಯ ರಾಕ್ ಧ್ವನಿಮುದ್ರಿಕೆಗಳ ಪರಿಷ್ಕೃತ ಆವೃತ್ತಿಗಳು: ಕೊಳ್ಳುವುದರ ಯುಕ್ತಾಯುಕ್ತ ವಿಚಾರ

ಪ್ರಾಚೀನ ಗ್ರಂಥವೊಂದರ ಹೊಸ ಆವೃತ್ತಿ ಹೊರಬಂದಾಗ ವಿದ್ವಾಂಸನಾದವನು ಮೊದಲು ನೋಡುವುದು ಅದರ ರಟ್ಟನ್ನಲ್ಲ, ಪೀಠಿಕೆಯನ್ನು. ಸಂಪಾದಕನು ಯಾವ ಯಾವ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡನು, ಎಲ್ಲೆಲ್ಲಿ ಪಾಠವನ್ನು ತಿದ್ದಿದನು, ತಿದ್ದಿದ್ದಕ್ಕೆ ಏನು ಕಾರಣ ಕೊಟ್ಟನು ಎಂಬುದನ್ನು ತಿಳಿದ ಮೇಲೆಯೇ ಅವನು ಆ ಪುಸ್ತಕಕ್ಕೆ ಬೆಲೆ ಕಟ್ಟುತ್ತಾನೆ. ಹೊಸದೆಂಬ ಮಾತ್ರಕ್ಕೆ ಅದು ಹಳೆಯದಕ್ಕಿಂತ ಉತ್ತಮವಾಗುವುದಿಲ್ಲ. ಹಳೆಯದೆಂಬ ಮಾತ್ರಕ್ಕೆ ಹಳೆಯದೂ ಪ್ರಮಾಣವಾಗುವುದಿಲ್ಲ. ಗ್ರಂಥಗಳ ವಿಷಯದಲ್ಲಿ ಸರ್ವಸಮ್ಮತವಾದ ಈ ವಿವೇಕವನ್ನು ಧ್ವನಿಮುದ್ರಿಕೆಗಳ ವಿಷಯದಲ್ಲಿ ನಾವು ಬಳಸುವುದು ಅಪರೂಪ. 1960 ಮತ್ತು 1970ರ ದಶಕಗಳ ರಾಕ್ ಸಂಗೀತದ ಮುದ್ರಿಕೆಗಳು ಹತ್ತು ಹದಿನೈದು ವರ್ಷಗಳಿಗೊಮ್ಮೆ ‘ರೀಮಾಸ್ಟರ್’ ಆದವೆಂಬ ಹಣೆಪಟ್ಟಿಯೊಡನೆ ಮಾರುಕಟ್ಟೆಗೆ ಬರುತ್ತಿವೆ. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಮೊದಲು ಪ್ರಕಟವಾದದ್ದು 1973ರಲ್ಲಿ. ಆಮೇಲೆ 2003, 2011 ಮತ್ತು 2023ನೆಯ ಇಸವಿಗಳಲ್ಲಿ ಅದರ ಹೊಸ ಆವೃತ್ತಿಗಳು ಬಂದಿವೆ. ಇವು ಪ್ರಮುಖವಾದವು ಮಾತ್ರ. ಕೈಯಲ್ಲಿ ಒಂದು ಪ್ರತಿ ಇರುವವನು ಇನ್ನೊಂದನ್ನು ಕೊಳ್ಳಬೇಕೆ? ಈ ಪ್ರಶ್ನೆ ಕೇವಲ ಅಭಿರುಚಿಗೆ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಒಂದು ಕೃತಿಯ ಹಲವು ಪಾಠಗಳಲ್ಲಿ ಮುಂದಿನ ತಲೆಮಾರಿಗೆ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ. ಆದುದರಿಂದ ಇದನ್ನು ಕ್ರಮವಾಗಿ ವಿಚಾರಿಸುವುದು ಯುಕ್ತ.

1. ಧ್ವನಿಮುದ್ರಿಕೆಯೇ ಕೃತಿ

ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಕೀರ್ತನೆಯೊಂದು ಯಾವ ಒಬ್ಬ ವಿದ್ವಾಂಸರ ಮುದ್ರಿಕೆಯಲ್ಲಿಯೂ ಸಮಾಪ್ತವಾಗುವುದಿಲ್ಲ. ಪ್ರತಿಯೊಂದು ಕಚೇರಿಯಲ್ಲಿಯೂ ಅದು ಹೊಸದಾಗಿ ಹುಟ್ಟುತ್ತದೆ. ಯೂರೋಪಿನ ಶಾಸ್ತ್ರೀಯ ಸಂಗೀತಕ್ಕೆ ಸ್ವರಲಿಪಿಯ ಆಧಾರವಿದೆ. ರಾಕ್ ಸಂಗೀತದ ಸ್ಥಿತಿ ಬೇರೆ. ಬೀಟಲ್ಸ್ ತಂಡದವರು 1966ರ ಆಗಸ್ಟಿನಲ್ಲಿ ಊರೂರಿನ ಪ್ರದರ್ಶನಗಳನ್ನು ನಿಲ್ಲಿಸಿ, ಮುದ್ರಣಮಂದಿರದಲ್ಲಿಯೇ ಕುಳಿತು ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಮುದ್ರಿಕೆಯನ್ನು ರಚಿಸಿ 1967ರಲ್ಲಿ ಪ್ರಕಟಿಸಿದರು. ವೇದಿಕೆಯ ಮೇಲೆ ನುಡಿಸಲು ಬಾರದ ಧ್ವನಿಗಳನ್ನು ಟೇಪಿನ ಮೇಲೆ ಪದರ ಪದರವಾಗಿ ಕೂಡಿಸಿ ಕಟ್ಟಿದ ರಚನೆ ಅದು. ಇಂಥ ಸಂಗೀತದಲ್ಲಿ ಮುದ್ರಿಕೆಯು ಕೃತಿಯ ನೆರಳಲ್ಲ, ಕೃತಿಯೇ ಅದು. ಹೀಗಿರುವಾಗ ಮುದ್ರಿಕೆಯ ಧ್ವನಿಯನ್ನು ಬದಲಿಸುವುದೆಂದರೆ ಕೃತಿಯ ಪಾಠವನ್ನು ಬದಲಿಸುವುದೇ ಆಗುತ್ತದೆ.

2. ಮೂರು ಹಂತಗಳು, ಮೂರು ಹೆಸರುಗಳು

ಬದಲಾವಣೆ ಎಲ್ಲಿ ನಡೆಯುತ್ತದೆ ಎಂಬುದನ್ನು ತಿಳಿಯಬೇಕಾದರೆ ಮುದ್ರಿಕೆ ಹುಟ್ಟುವ ಬಗೆಯನ್ನು ತಿಳಿಯಬೇಕು. ಮೊದಲನೆಯ ಹಂತದಲ್ಲಿ ಹಾಡುಗಾರಿಕೆ, ಗಿಟಾರು, ಡ್ರಮ್ಮು ಮೊದಲಾದವು ಅಗಲವಾದ ಒಂದು ಟೇಪಿನ ಮೇಲೆ ಬೇರೆ ಬೇರೆ ಪಥಗಳಲ್ಲಿ ಮುದ್ರಿತವಾಗುತ್ತವೆ. ಎರಡನೆಯದು ಮಿಶ್ರಣದ ಹಂತ. ಯಾವ ವಾದ್ಯ ಎಷ್ಟು ಕೇಳಿಸಬೇಕು, ಎಡಕ್ಕೆ ಇರಬೇಕೆ ಬಲಕ್ಕೆ ಇರಬೇಕೆ ಎಂಬುದನ್ನು ಇಲ್ಲಿ ನಿಶ್ಚಯಿಸಿ, ಎಲ್ಲವನ್ನೂ ಒಂದು ಅಥವಾ ಎರಡು ವಾಹಿನಿಗಳಿಗೆ ಇಳಿಸುತ್ತಾರೆ. ಒಂದಾದರೆ ಮಾನೊ, ಎರಡಾದರೆ ಸ್ಟೀರಿಯೊ. ಹೀಗೆ ಸಿದ್ಧವಾದದ್ದೇ ಮಾಸ್ಟರ್ ಟೇಪು. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಕವಿಯ ಸ್ವಹಸ್ತಪ್ರತಿ. ಮೂರನೆಯದು ಆ ಟೇಪನ್ನು ತಟ್ಟೆಗೋ ಸಿ.ಡಿ.ಗೋ ಹೊಂದಿಸುವ ಹಂತ, ಇದೇ ‘ಮಾಸ್ಟರಿಂಗ್’.

ಈ ಕೊನೆಯ ಹಂತವು ಯಾಂತ್ರಿಕವಾದ ನಕಲು ಕಾರ್ಯವಲ್ಲ. ಎಲ್.ಪಿ. ತಟ್ಟೆಯಲ್ಲಿ ಮಂದ್ರಸ್ವರಗಳು ಗೀರನ್ನು ಬಹಳ ಅಗಲವಾಗಿ ತೂಗಾಡಿಸುತ್ತವೆ. ಅವುಗಳನ್ನು ಇದ್ದಂತೆಯೇ ಕೊರೆದರೆ ತಟ್ಟೆಯಲ್ಲಿ ಜಾಗ ಸಾಲದು. ಒಮ್ಮೊಮ್ಮೆ ಮುಳ್ಳೇ ಗೀರಿನಿಂದ ಹಾರಿಬಿಡುತ್ತದೆ. ಆದುದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುವುದೂ, ಕೇಳಿಸುವಾಗ ಯಂತ್ರವು ಅದನ್ನು ತಿರುಗುಮುರುಗಾಗಿಸಿ ಸರಿಪಡಿಸುವುದೂ 1950ರ ದಶಕದ ನಡುವಿನಿಂದ ಎಲ್ಲರೂ ಒಪ್ಪಿದ ಕ್ರಮವಾಯಿತು. ಇದಲ್ಲದೆ ತಟ್ಟೆಯ ಒಳಭಾಗಕ್ಕೆ ಹೋದಂತೆ ಧ್ವನಿವಿಕಾರ ಹೆಚ್ಚುತ್ತದೆ. ಒಂದು ಮಗ್ಗುಲಲ್ಲಿ 20 ನಿಮಿಷಗಳಿಗಿಂತ ಬಹಳ ಹೆಚ್ಚು ತುಂಬಿದರೆ ಸದ್ದು ತಗ್ಗುತ್ತದೆ. ಈ ಎಲ್ಲ ನಿರ್ಬಂಧಗಳ ನಡುವೆ ಟೇಪಿನ ಧ್ವನಿಯನ್ನು ಒಪ್ಪವಾಗಿ ತಟ್ಟೆಗೆ ಇಳಿಸುವವನು ಲಿಪಿಕಾರನೂ ಹೌದು, ಸ್ವಲ್ಪಮಟ್ಟಿಗೆ ಸಂಪಾದಕನೂ ಹೌದು.

ಇದರಿಂದ ಮಾರುಕಟ್ಟೆಯಲ್ಲಿ ಒಂದೇ ಎಂಬಂತೆ ಬಳಕೆಯಾಗುವ ಮೂರು ಮಾತುಗಳ ಭೇದ ಸ್ಪಷ್ಟವಾಗುತ್ತದೆ. ಮೊದಲಿದ್ದುದನ್ನೇ ಮತ್ತೆ ಒತ್ತಿ ಮಾರಿದರೆ ಅದು ಪುನರ್ಮುದ್ರಣ. ಮಾಸ್ಟರ್ ಟೇಪನ್ನು ಹಾಗೆಯೇ ಇಟ್ಟುಕೊಂಡು ಮೂರನೆಯ ಹಂತವನ್ನು ಮಾತ್ರ ಹೊಸದಾಗಿ ಮಾಡಿದರೆ ಅದು ಪರಿಷ್ಕರಣ. ರೀಮಾಸ್ಟರ್ ಎಂಬುದಕ್ಕೆ ಸಲ್ಲುವ ಅರ್ಥ ಇಷ್ಟೆ. ಎರಡನೆಯ ಹಂತಕ್ಕೇ ಹಿಂದಿರುಗಿ ಪಥಗಳನ್ನು ಮತ್ತೆ ಕೂಡಿಸಿದರೆ ಅದು ಪುನರ್ಮಿಶ್ರಣ, ಎಂದರೆ ರೀಮಿಕ್ಸ್. 2017ರಲ್ಲಿ ಗೈಲ್ಸ್ ಮಾರ್ಟಿನ್ ಸಿದ್ಧಪಡಿಸಿದ ‘ಸಾರ್ಜೆಂಟ್ ಪೆಪ್ಪರ್’ ಪರಿಷ್ಕರಣವಲ್ಲ, ಪುನರ್ಮಿಶ್ರಣ. ಅದು ಚೆನ್ನಾಗಿರಬಹುದು, ಆದರೆ 1967ರ ಪಾಠವು ಶುದ್ಧವಾಗಿ ಕೇಳಿಸುತ್ತಿದೆಯೆಂದು ಭಾವಿಸಿ ಅದನ್ನು ಕೊಳ್ಳುವವನು ಬೇರೊಂದು ವಸ್ತುವನ್ನು ಕೊಂಡಂತಾಗುತ್ತದೆ.

3. ಪರಿಷ್ಕರಣದಿಂದ ಆದ ಉಪಕಾರ

ಸಿ.ಡಿ. ಮೊದಲು ಮಾರಾಟಕ್ಕೆ ಬಂದದ್ದು 1982ರಲ್ಲಿ, ಜಪಾನಿನಲ್ಲಿ. ಮುಂದಿನ ಕೆಲವು ವರ್ಷಗಳಲ್ಲಿ ಕಂಪನಿಗಳು ತಮ್ಮ ಹಳೆಯ ಸರಕನ್ನೆಲ್ಲ ಅವಸರದಿಂದ ಸಿ.ಡಿ.ಗೆ ಇಳಿಸಿದವು. ಆಗ ಎಷ್ಟೋ ಸಂದರ್ಭಗಳಲ್ಲಿ ಮೂಲ ಟೇಪನ್ನು ಹುಡುಕುವ ಶ್ರಮವನ್ನು ಯಾರೂ ವಹಿಸಲಿಲ್ಲ. ತಟ್ಟೆ ಕೊರೆಯುವುದಕ್ಕಾಗಿ ಮಂದ್ರವನ್ನು ತಗ್ಗಿಸಿಟ್ಟಿದ್ದ ನಕಲು ಟೇಪನ್ನೋ, ನಕಲಿನ ನಕಲನ್ನೋ ಬಳಸಿದರು. ತಟ್ಟೆಗೆ ಬೇಕಾಗಿದ್ದ ತಿದ್ದುಪಡಿ ಸಿ.ಡಿ.ಗೆ ಬೇಕಾಗಿರಲಿಲ್ಲ, ಫಲವಾಗಿ ಧ್ವನಿ ತೆಳುವಾಗಿ, ಕೀರಲಾಗಿ ಕೇಳಿಸಿತು. ಸಿ.ಡಿ. ಎಂಬುದೇ ಜೀವವಿಲ್ಲದ ಮಾಧ್ಯಮವೆಂಬ ಅಪವಾದಕ್ಕೆ ಇಂಥ ಮುದ್ರಿಕೆಗಳೂ ಒಂದು ಕಾರಣ.

ಇಂಥ ಕಡೆ ಪರಿಷ್ಕರಣವು ನಿಜವಾದ ಉಪಕಾರ. ಕಿಂಗ್ ಕ್ರಿಮ್ಸನ್ ತಂಡದ 1969ರ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’ ಎಂಬ ಮುದ್ರಿಕೆಯ ಮೂಲ ಸ್ಟೀರಿಯೊ ಟೇಪುಗಳು ಕಳೆದುಹೋದವೆಂದೇ ಬಹುಕಾಲ ನಂಬಲಾಗಿತ್ತು, ಸಿ.ಡಿ.ಗಳು ಹಲವು ನಕಲುಗಳಾಚೆಯ ಪ್ರತಿಗಳಿಂದ ಸಿದ್ಧವಾಗುತ್ತಿದ್ದವು. ಆಮೇಲೆ ಮೂಲ ದೊರೆತು, 2004ರ ಆವೃತ್ತಿಯು ಅದನ್ನು ಆಧರಿಸಿ ಹೊರಬಂದಿತು. ರಾಕ್ ಅಲ್ಲದಿದ್ದರೂ ಜಾಸ್ ಸಂಗೀತದ ಒಂದು ಉದಾಹರಣೆ ಇಲ್ಲಿ ಸ್ಮರಣೀಯ. ಮೈಲ್ಸ್ ಡೇವಿಸನ 1959ರ ‘ಕೈಂಡ್ ಆಫ್ ಬ್ಲೂ’ ಮುದ್ರಣದಲ್ಲಿ ಟೇಪುಯಂತ್ರವೊಂದು ಕೊಂಚ ನಿಧಾನವಾಗಿ ಓಡಿದುದರಿಂದ ತಟ್ಟೆಯ ಮೊದಲನೆಯ ಮಗ್ಗುಲಿನ ಶ್ರುತಿ ಸ್ವಲ್ಪ ಏರಿಯೇ ಇತ್ತು. ಸರಿಯಾದ ವೇಗದಲ್ಲಿ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಈ ದೋಷ ನೀಗಿದ ಆವೃತ್ತಿ ಬಂದದ್ದು 1992ರಲ್ಲಿ, ಮೂರು ದಶಕಗಳ ಬಳಿಕ. ಅಲ್ಲಿಯವರೆಗೆ ಆ ತಟ್ಟೆಯೊಡನೆ ನುಡಿಸಿ ಕಲಿತವರೆಲ್ಲರೂ ತಮ್ಮ ವಾದ್ಯದ ಶ್ರುತಿಯನ್ನು ತಟ್ಟೆಯ ತಪ್ಪಿಗೆ ಹೊಂದಿಸಿಕೊಳ್ಳಬೇಕಾಗಿತ್ತು.

ಅಲಭ್ಯವಾದ ಪಾಠವನ್ನು ಮತ್ತೆ ದೊರಕಿಸಿಕೊಡುವುದು ಇನ್ನೊಂದು ಉಪಕಾರ. 1967ರಲ್ಲಿ ಇಂಗ್ಲೆಂಡಿನ ಬಹುಪಾಲು ಮನೆಗಳಲ್ಲಿ ಇದ್ದದ್ದು ಮಾನೊ ಯಂತ್ರ. ಬೀಟಲ್ಸ್ ಕಲಾವಿದರು ‘ಸಾರ್ಜೆಂಟ್ ಪೆಪ್ಪರ್’ನ ಮಾನೊ ಮಿಶ್ರಣದಲ್ಲಿ ತಾವೇ ಪಾಲ್ಗೊಂಡರು, ಸ್ಟೀರಿಯೊ ಮಿಶ್ರಣವನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞರು ಬಳಿಕ ಸಿದ್ಧಪಡಿಸಿದರು. ‘ಶೀ ಈಸ್ ಲೀವಿಂಗ್ ಹೋಮ್’ ಎಂಬ ಹಾಡು ಮಾನೊ ಪಾಠದಲ್ಲಿ ಹೆಚ್ಚು ವೇಗವಾಗಿಯೂ ಹೆಚ್ಚು ಶ್ರುತಿಯಲ್ಲಿಯೂ ಇದೆ. ಆದರೆ 1987ರಲ್ಲಿ ಸಿ.ಡಿ. ಬಂದಾಗ ದೊರೆತದ್ದು ಸ್ಟೀರಿಯೊ ಮಾತ್ರ. ಕಲಾವಿದರು ತಾವೇ ಕುಳಿತು ಒಪ್ಪಿದ ಪಾಠವು ಮಾನೊ ಸಂಪುಟದ ಮೂಲಕ ಸಿ.ಡಿ. ಕೇಳುಗರ ಕೈಸೇರಿದ್ದು 2009ರಲ್ಲಿ. ಈ ಸಂಪುಟವನ್ನು ಕೊಳ್ಳುವವನು ತನ್ನಲ್ಲಿ ಇದ್ದುದನ್ನೇ ಮತ್ತೊಮ್ಮೆ ಕೊಳ್ಳುತ್ತಿಲ್ಲವೆಂಬುದು ಸ್ಪಷ್ಟ.

4. ಪರಿಷ್ಕರಣದಿಂದ ಆದ ಅಪಚಾರ

ಇನ್ನು ಎದುರು ಪಕ್ಷವನ್ನು ನೋಡೋಣ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ಸದ್ದನ್ನು ಕೊಂಚವೇ ಹೆಚ್ಚಿಸಿದರೆ ಹೆಚ್ಚಿನವರು ಎರಡನೆಯದೇ ಸೊಗಸೆನ್ನುತ್ತಾರೆ. ಇದು ಕಿವಿಯ ಸ್ವಭಾವ. ಸದ್ದು ಹೆಚ್ಚಿದಂತೆ ಮಂದ್ರ ಮತ್ತು ತಾರಗಳೆರಡೂ ತುಂಬಿ ಕೇಳಿಸುತ್ತವೆಯೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಷ್ಟು ಹಿಂದೆಯೇ ಅಳೆದು ತೋರಿಸಿದರು. ಈ ಸ್ವಭಾವವೇ ಮಾರಾಟದ ಉಪಾಯವಾಯಿತು. ಸಿ.ಡಿ.ಯಲ್ಲಿ ಧ್ವನಿಗೆ ಒಂದು ಮೇಲ್ಮಿತಿ ಉಂಟು, ಅದನ್ನು ಮೀರುವಂತಿಲ್ಲ. ಆದುದರಿಂದ ಡ್ರಮ್ಮಿನ ಪೆಟ್ಟು ಮೊದಲಾದ ಕ್ಷಣಿಕ ಶಿಖರಗಳನ್ನು ಲಿಮಿಟರ್ ಎಂಬ ಸಾಧನದಿಂದ ಅದುಮಿ, ಉಳಿದುದೆಲ್ಲವನ್ನೂ ಮೇಲಕ್ಕೆತ್ತುತ್ತಾರೆ. ಗೋಪುರದ ಕಲಶವನ್ನು ಕತ್ತರಿಸಿ, ಗುಡಿಯ ಗೋಡೆಯನ್ನು ಆ ಎತ್ತರಕ್ಕೆ ಏರಿಸಿದಂತೆ ಇದು. ಮೊದಲ ಕೇಳ್ಮೆಗೆ ಹಾಡು ಜೋರಾಗಿ, ಚುರುಕಾಗಿ ತೋರುತ್ತದೆ. ಆದರೆ ಪಿಸುಮಾತಿಗೂ ಕೂಗಿಗೂ ಇದ್ದ ಅಂತರ ಅಳಿದುಹೋಗಿರುತ್ತದೆ. ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. 1990ರ ದಶಕದ ಮಧ್ಯದಿಂದ ಮುಂದಿನ ಹದಿನೈದು ವರ್ಷಗಳಲ್ಲಿ ಹೊರಬಂದ ಅನೇಕ ಪರಿಷ್ಕೃತ ಆವೃತ್ತಿಗಳಲ್ಲಿ ಈ ದೋಷವಿದೆ. ವಿಪರ್ಯಾಸವೆಂದರೆ, ಸಿ.ಡಿ.ಯಲ್ಲಿ ಅತಿ ಮೆಲು ಸದ್ದಿನಿಂದ ಅತಿ ದೊಡ್ಡ ಸದ್ದಿನವರೆಗೆ ಸುಮಾರು 96 ಡೆಸಿಬಲ್‌ಗಳ ಹರಹಿದೆ. ಎಲ್.ಪಿ. ತಟ್ಟೆಗಿಂತ ವಿಶಾಲವಾದ ಈ ಬಯಲನ್ನು ಕೊಟ್ಟ ಮಾಧ್ಯಮದಲ್ಲಿಯೇ ಸಂಗೀತವನ್ನು ಅದರ ಒಂದು ಮೂಲೆಗೆ ತುರುಕಲಾಯಿತು.

ಸ್ಟೂಜಸ್ ತಂಡದ ‘ರಾ ಪವರ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1973ರಲ್ಲಿ ಪ್ರಕಟವಾದ ಅದರ ಮಿಶ್ರಣ ಬಹುಮಟ್ಟಿಗೆ ಡೇವಿಡ್ ಬೋವೀಯ ಕೈಯದು. 1997ರಲ್ಲಿ ಗಾಯಕ ಇಗ್ಗಿ ಪಾಪ್ ತಾನೇ ಅದನ್ನು ಮತ್ತೆ ಮಿಶ್ರಣ ಮಾಡಿ, ಧ್ವನಿ ಒಡೆಯುವಷ್ಟು ಗಟ್ಟಿಯಾಗಿಸಿ ಹೊರತಂದನು. ಕೃತಿಕಾರನೇ ತಿದ್ದಿದ ಮೇಲೆ ಅದೇ ಪ್ರಮಾಣವಲ್ಲವೆ ಎಂದು ಕೇಳಬಹುದು. ಆದರೆ ಇಪ್ಪತ್ತನಾಲ್ಕು ವರ್ಷ ಕೇಳುಗರು ಮೆಚ್ಚಿದ್ದೂ ಇತರ ಕಲಾವಿದರು ಅನುಸರಿಸಿದ್ದೂ ಹಳೆಯ ಪಾಠವನ್ನು. 2010ರ ಆವೃತ್ತಿಯಲ್ಲಿ ಬೋವೀಯ ಮಿಶ್ರಣವನ್ನು ಮತ್ತೆ ತರಲಾಯಿತು. ಕವಿಯು ಮುಪ್ಪಿನಲ್ಲಿ ತಿದ್ದಿದ ಕಾವ್ಯವನ್ನು ಅಭ್ಯಸಿಸುವವರು ಮೊದಲನೆಯ ಮುದ್ರಣವನ್ನೂ ಉಳಿಸಿಕೊಳ್ಳುವ ಕಾರಣ ಇಲ್ಲಿಯೂ ಅನ್ವಯಿಸುತ್ತದೆ.

ಇದಕ್ಕಿಂತ ಘೋರವಾದದ್ದು ಆಜಿ ಓಸ್ಬರ್ನನ ‘ಬ್ಲಿಜಾರ್ಡ್ ಆಫ್ ಓಸ್’ (1980) ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮನ್’ (1981) ಎಂಬ ಮುದ್ರಿಕೆಗಳ ಕಥೆ. ಇವುಗಳಲ್ಲಿ ಬಾಸ್ ಗಿಟಾರು ನುಡಿಸಿದ್ದವನು ಬಾಬ್ ಡೈಸ್ಲಿ, ಡ್ರಮ್ಮು ನುಡಿಸಿದ್ದವನು ಲೀ ಕರ್ಸ್‌ಲೇಕ್. ಇವರಿಗೂ ಓಸ್ಬರ್ನರ ಪಕ್ಷಕ್ಕೂ ಸಂಭಾವನೆಯ ಹಕ್ಕಿನ ವಿಷಯದಲ್ಲಿ ವ್ಯಾಜ್ಯ ನಡೆದಿತ್ತು. 2002ರ ಆವೃತ್ತಿಗಳಲ್ಲಿ ಇವರಿಬ್ಬರ ವಾದನವನ್ನು ಪೂರ್ತಿಯಾಗಿ ತೆಗೆದುಹಾಕಿ, ಬೇರೆ ಇಬ್ಬರಿಂದ ನುಡಿಸಿ ಸೇರಿಸಲಾಯಿತು. ಗ್ರಂಥಸಂಪಾದನೆಯಲ್ಲಿ ಇದಕ್ಕೆ ಪ್ರಕ್ಷೇಪವೆಂದು ಹೆಸರು. ಇಲ್ಲಿ ಪ್ರಕ್ಷೇಪಕ್ಕೆ ಜಾಗ ಮಾಡಲು ಮೂಲವನ್ನೇ ಕೆತ್ತಿಹಾಕಿದ್ದರು. ಕೇಳುಗರ ಅಸಮಾಧಾನ ವರ್ಷಗಟ್ಟಲೆ ಮುಂದುವರಿಯಿತು. 2011ರಲ್ಲಿ ಮೂಲ ವಾದನವು ಹಿಂದಿರುಗಿತು. ನಡುವಿನ ಒಂಬತ್ತು ವರ್ಷಗಳಲ್ಲಿ ಆ ಕೃತಿಗಳನ್ನು ಮೊದಲ ಬಾರಿಗೆ ಅಂಗಡಿಯಲ್ಲಿ ಕೊಂಡ ತರುಣನು ಕೇಳಿದ್ದು ಯಾವ ಕೃತಿಯನ್ನು?

5. ಅಂಕಿಗಳ ಆಕರ್ಷಣೆ

ಹೊಸ ಆವೃತ್ತಿಗಳ ಮೇಲೆ 24 ಬಿಟ್, 96 ಕಿಲೋಹರ್ಟ್ಸ್ ಎಂಬಂಥ ಅಂಕಿಗಳು ಇರುತ್ತವೆ. ಸಿ.ಡಿ.ಯು ಧ್ವನಿಯನ್ನು ಸೆಕೆಂಡಿಗೆ 44,100 ಸಲ, 16 ಬಿಟ್ಟುಗಳಲ್ಲಿ ಅಳೆದು ದಾಖಲಿಸುತ್ತದೆ. ಸೆಕೆಂಡಿಗೆ 22,000 ಕಂಪನಗಳವರೆಗಿನ ಧ್ವನಿಗೆ ಇಷ್ಟು ಸಾಕು. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000, ವಯಸ್ಸಾದಂತೆ ಇನ್ನೂ ಕಡಮೆ. ಮುದ್ರಣಮಂದಿರದ ಕೆಲಸಕ್ಕೆ ಹೆಚ್ಚಿನ ಅಂಕಿಗಳು ಉಪಯುಕ್ತವೆಂಬುದು ನಿಜ. ಕೇಳುವವನಿಗೆ ಅವುಗಳಿಂದ ಲಾಭವುಂಟೆ ಎಂಬುದು ಬೇರೆ ಪ್ರಶ್ನೆ. ಮೇಯರ್ ಮತ್ತು ಮೋರನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ಸೂಕ್ಷ್ಮವಾದ ಮುದ್ರಿಕೆಯನ್ನು ನೇರವಾಗಿ ಕೇಳಿಸಿದಾಗಲೂ ಸಿ.ಡಿ.ಯ ಅಳತೆಗೆ ಇಳಿಸಿ ಕೇಳಿಸಿದಾಗಲೂ ಶ್ರೋತೃಗಳು ಭೇದವನ್ನು ಗುರುತಿಸಲಾರದೆ ಹೋದರು. ಆದರೂ ಆ ಹೊಸ ಬಗೆಯ ಮುದ್ರಿಕೆಗಳಲ್ಲಿ ಅನೇಕವು ಸಾಮಾನ್ಯ ಸಿ.ಡಿ.ಗಳಿಗಿಂತ ಸೊಗಸಾಗಿದ್ದವೆಂದು ಅವರೇ ಬರೆದಿದ್ದಾರೆ. ಅವರ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಅಂಕಿಯಲ್ಲ. ಅವುಗಳನ್ನು ಸಿದ್ಧಪಡಿಸಿದವರು ಹೆಚ್ಚು ಎಚ್ಚರ ವಹಿಸಿದ್ದು.

ಎದುರು ಬಣದ ನಂಬಿಕೆಗೂ ಇಂಥದೇ ಪರೀಕ್ಷೆ ಒದಗಿತು. ಡಿಜಿಟಲ್ ವಿಧಾನದ ಸೋಂಕಿಲ್ಲದ ಎಲ್.ಪಿ. ತಟ್ಟೆಯೇ ಶ್ರೇಷ್ಠವೆಂದು ನಂಬಿದವರು ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ತಟ್ಟೆಗಳನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಆ ತಟ್ಟೆಗಳಲ್ಲಿ ಅನೇಕವುಗಳ ತಯಾರಿಕೆಯಲ್ಲಿ ಹಲವು ವರ್ಷಗಳಿಂದ ಡಿಜಿಟಲ್ ಹಂತವೊಂದು ಇತ್ತೆಂಬುದು 2022ರಲ್ಲಿ ಹೊರಬಿದ್ದಿತು. ಕೊಂಡವರಿಗೆ ವಿಷಯವನ್ನು ಸ್ಪಷ್ಟವಾಗಿ ತಿಳಿಸದಿದ್ದುದು ತಪ್ಪೇ. ಆದರೆ ಅಷ್ಟು ಕಾಲ ಆ ತಟ್ಟೆಗಳನ್ನು ಹೊಗಳಿದ ಕಿವಿಗಳು ಡಿಜಿಟಲ್ ಹಂತವನ್ನು ಪತ್ತೆಹಚ್ಚಲಿಲ್ಲವೆಂಬುದೂ ಗಮನಾರ್ಹ. ಮಾಧ್ಯಮಕ್ಕಿಂತ ಮೂಲಪ್ರತಿಯೂ ಸಂಪಾದಕನ ಕೈಯೂ ಮುಖ್ಯವೆಂಬುದು ಈ ಎರಡು ನಿದರ್ಶನಗಳಿಂದ ಸಿದ್ಧವಾಗುತ್ತದೆ.

6. ಹಳೆಯ ಪ್ರತಿಯ ಅಳಿವು

ಮೂಲ ಟೇಪುಗಳು ಚಿರಸ್ಥಾಯಿಯಲ್ಲ. 1970ರ ದಶಕದಲ್ಲಿ ಮತ್ತು ಅದರ ಆಚೀಚೆ ತಯಾರಾದ ಕೆಲವು ಬಗೆಯ ಟೇಪುಗಳಲ್ಲಿ ಕಾಂತಪುಡಿಯನ್ನು ಹಿಡಿದಿರುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಪುಡಿ ಕಳಚಿಕೊಂಡು ಸಂಗೀತವೇ ಉದುರಿಹೋಗುತ್ತದೆ. ಐವತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಹದವಾದ ಶಾಖದಲ್ಲಿ ಹಲವು ಗಂಟೆ ಇಟ್ಟು ಒಣಗಿಸಿ, ಅವು ಸ್ವಲ್ಪ ಕಾಲ ಚೇತರಿಸಿಕೊಂಡಿರುವಾಗ ನಕಲು ಮಾಡಿಕೊಳ್ಳಬೇಕು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬಿದ್ದ ಬೆಂಕಿಯಲ್ಲಿ ಮಾಸ್ಟರ್ ಟೇಪುಗಳ ಸಂಗ್ರಹವೂ ಸುಟ್ಟಿತು. ಈ ಸಂಗತಿ ವಿವರವಾಗಿ ಲೋಕಕ್ಕೆ ತಿಳಿದದ್ದು 2019ರಲ್ಲಿ. ನಷ್ಟದ ಪ್ರಮಾಣವೆಷ್ಟೆಂಬ ಬಗ್ಗೆ ವಿವಾದವಿದೆ. ಇಂಥ ಸ್ಥಿತಿಯಲ್ಲಿ ಮೂಲ ಟೇಪು ಇನ್ನೂ ಓಡುತ್ತಿದ್ದಾಗ ಎಚ್ಚರದಿಂದ ತಯಾರಿಸಿದ ಒಂದು ಪ್ರತಿ ಮುಂದೆ ತಾನೇ ಆಕರವಾಗಬಹುದು.

ಕೇಳುಗನಿಗೆ ಇದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಹೊಸ ಆವೃತ್ತಿ ಬಂದೊಡನೆ ಹಳೆಯದು ಅಂಗಡಿಯಿಂದ ಮರೆಯಾಗುತ್ತದೆ. ಅಂತರಜಾಲದ ಮೂಲಕ ಹಾಡು ಕೇಳಿಸುವ ಸಂಸ್ಥೆಗಳಲ್ಲಿ ಎಷ್ಟೋ ಕೃತಿಗಳಿಗೆ ಈಚಿನ ಪಾಠವೊಂದೇ ದೊರೆಯುತ್ತದೆ. ಬೀಟಲ್ಸರ ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಮುದ್ರಿಕೆಗಳನ್ನು ಜಾರ್ಜ್ ಮಾರ್ಟಿನ್ 1987ರ ಸಿ.ಡಿ.ಗಾಗಿ ಮತ್ತೆ ಮಿಶ್ರಣ ಮಾಡಿದನು. 2009ರಲ್ಲಿ ಬಿಡಿಯಾಗಿ ಮಾರಿದ ಸ್ಟೀರಿಯೊ ಸಿ.ಡಿ.ಗಳಲ್ಲಿ ಇದ್ದದ್ದು ಆ ಮಿಶ್ರಣವೇ. 1965ರ ಸ್ಟೀರಿಯೊ ಮಿಶ್ರಣ ಬೇಕಾದವರು, ವಿಚಿತ್ರವಾದರೂ, ಅದನ್ನು ಮಾನೊ ಸಂಪುಟದೊಳಗೆ ಹುಡುಕಬೇಕಾಯಿತು. ಪಾಠಾಂತರವಿದೆಯೆಂದೇ ತಿಳಿಯದವನು ಹುಡುಕುವುದಾದರೂ ಹೇಗೆ?

ನಮ್ಮ ದೇಶದ ಕೇಳುಗರ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಬೀಟಲ್ಸ್ ಮೊದಲಾದವರ ತಟ್ಟೆಗಳನ್ನು ಗ್ರಾಮಫೋನ್ ಕಂಪನಿಯು ಕಲ್ಕತ್ತೆಯ ಡಂಡಂನಲ್ಲಿ ಒತ್ತುತ್ತಿತ್ತು. 1980ರ ದಶಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಸಂಗೀತದ ಪರಿಚಯವಾದದ್ದು ತಟ್ಟೆಯಿಂದಲೂ ಅಲ್ಲ, ಕೈಯಿಂದ ಕೈಗೆ ಸಾಗಿದ, ನಕಲಿನಿಂದ ನಕಲಾದ ಕ್ಯಾಸೆಟ್ಟುಗಳಿಂದ. ಅಂಥವರಿಗೆ ಪ್ರಿಯವಾದ ಧ್ವನಿಯಲ್ಲಿ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದೂ ಸೇರಿಕೊಂಡಿರುತ್ತದೆ. ಹೊಸ ಆವೃತ್ತಿ ಇಷ್ಟವಾಗದಿದ್ದಾಗ, ದೋಷ ಇರುವುದು ಆವೃತ್ತಿಯಲ್ಲಿಯೋ ಅಥವಾ ಅದು ತಮ್ಮ ನೆನಪಿಗೆ ಹೊಂದದಿರುವುದರಲ್ಲಿಯೋ ಎಂಬುದನ್ನು ಅವರು ವಿವೇಚಿಸಬೇಕು. ಎರಡನೆಯದೇ ಕಾರಣವಾದರೆ ಯಾವ ಪರಿಷ್ಕರಣವೂ ಅವರನ್ನು ತೃಪ್ತಿಪಡಿಸಲಾರದು. ಹಣವನ್ನು ಉಳಿಸಿಕೊಳ್ಳುವುದೇ ಮೇಲು.

7. ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿಚಾರದಿಂದ ಕೆಲವು ಸೂತ್ರಗಳನ್ನು ಹೊರಡಿಸಬಹುದು. ಮೊದಲನೆಯದಾಗಿ, ಆಕರ ಯಾವುದು? ಮೂಲ ಮಾಸ್ಟರ್ ಟೇಪಿನಿಂದ ಸಿದ್ಧವಾದದ್ದೆಂದು ಸ್ಪಷ್ಟವಾಗಿ ಹೇಳಿದ್ದು, ತನ್ನಲ್ಲಿರುವುದು 1980ರ ದಶಕದ ಅವಸರದ ಸಿ.ಡಿ.ಯಾಗಿದ್ದರೆ ಕೊಳ್ಳುವುದಕ್ಕೆ ಸಕಾರಣವಿದೆ. ಎರಡನೆಯದಾಗಿ, ಸಂಪಾದಕನು ಯಾರು, ಅವನು ಮಾಡಿದ್ದೇನು? ಜೊತೆಯ ಪುಸ್ತಿಕೆಯಲ್ಲಿ ತಂತ್ರಜ್ಞನ ಹೆಸರೂ ವಿಧಾನವೂ ಇಲ್ಲದೆ ಬರಿಯ ಪ್ರಶಂಸೆ ಇದ್ದರೆ, ಅದು ಪೀಠಿಕೆಯಿಲ್ಲದ ಆವೃತ್ತಿಗೆ ಸಮಾನ. ಮೂರನೆಯದಾಗಿ, ಇದು ಪರಿಷ್ಕರಣವೋ ಪುನರ್ಮಿಶ್ರಣವೋ? ಪುನರ್ಮಿಶ್ರಣವಾದರೆ ಅದು ಹಳೆಯದರ ಜೊತೆಗೆ ಇರಬೇಕಾದದ್ದೇ ಹೊರತು ಹಳೆಯದರ ಸ್ಥಾನದಲ್ಲಿ ಅಲ್ಲ. ನಾಲ್ಕನೆಯದಾಗಿ, ಸದ್ದನ್ನು ಸಮಮಾಡಿಕೊಂಡು ಕೇಳಿದರೆ ಏನು ಉಳಿಯುತ್ತದೆ? ಹಳೆಯದನ್ನೂ ಹೊಸದನ್ನೂ ಒಂದೇ ಗಟ್ಟಿತನಕ್ಕೆ ತಂದು, ಯಾವುದು ಯಾವುದೆಂದು ತಿಳಿಯದಂತೆ ಗೆಳೆಯನೊಬ್ಬನಿಂದ ಹಾಕಿಸಿ ಕೇಳಬೇಕು. ಸ್ಪಾಟಿಫೈ ಮೊದಲಾದ ಸಂಸ್ಥೆಗಳು ಈಗ ಹಾಡುಗಳನ್ನು ಹೆಚ್ಚು ಕಡಮೆ ಸಮಾನವಾದ ಗಟ್ಟಿತನಕ್ಕೆ ತಂದು ಕೇಳಿಸುವುದರಿಂದ ಈ ಪರೀಕ್ಷೆ ಮೊದಲಿನಷ್ಟು ಕಷ್ಟವಲ್ಲ; ಅದುಮಿದ ಮುದ್ರಿಕೆಯು ಅಲ್ಲಿ ತನ್ನ ಏಕೈಕ ಅನುಕೂಲವನ್ನು ಕಳೆದುಕೊಂಡು ಮಂಕಾಗಿ ಕೇಳಿಸುತ್ತದೆ.

ಐದನೆಯ ಸೂತ್ರ ಕೊಳ್ಳುವುದಕ್ಕೆ ಸಂಬಂಧಿಸಿದ್ದಲ್ಲ, ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು: ಹೊಸದನ್ನು ಕೊಂಡರೂ ಹಳೆಯ ಪ್ರತಿಯನ್ನು ಮಾರಬಾರದು. ಕಾಲೇಜು ಗ್ರಂಥಾಲಯಗಳ ಸಂಗ್ರಹದಲ್ಲಿ ಹಳೆಯ ತಟ್ಟೆಗಳೋ ಸಿ.ಡಿ.ಗಳೋ ಇದ್ದರೆ, ಅಂತರಜಾಲದಲ್ಲಿ ಎಲ್ಲವೂ ದೊರೆಯುತ್ತದೆಂಬ ಕಾರಣದಿಂದ ಅವುಗಳನ್ನು ವಿಲೇವಾರಿ ಮಾಡುವ ಮೊದಲು ಈ ಮಾತನ್ನು ಆಲೋಚಿಸಬೇಕು. ಅಂತರಜಾಲದಲ್ಲಿ ದೊರೆಯುವುದು ಒಡೆಯನು ಇಂದು ಕೊಡಲಿಚ್ಛಿಸಿದ ಪಾಠ. ನಾಳೆ ಅವನು ಅದನ್ನು ಬದಲಿಸಿದರೆ ನಮಗೆ ತಿಳಿಯುವುದೂ ಇಲ್ಲ. 2002ರಲ್ಲಿ ಡೈಸ್ಲಿ ಮತ್ತು ಕರ್ಸ್‌ಲೇಕರ ವಾದನವನ್ನು ಅಳಿಸಿದಾಗ ಅದು ಲೋಕದಿಂದ ಅಳಿಯಲಿಲ್ಲ. ಅದಕ್ಕೆ ಕಾರಣ ಕಂಪನಿಯ ಔದಾರ್ಯವಲ್ಲ. ಹಿಂದೆ ಕೊಂಡಿದ್ದ ಅಸಂಖ್ಯ ಕೇಳುಗರ ಮನೆಗಳಲ್ಲಿ ಆ ತಟ್ಟೆಗಳೂ ಸಿ.ಡಿ.ಗಳೂ ಉಳಿದಿದ್ದವು, ಏನು ಹೋಯಿತೆಂಬುದನ್ನು ಅವುಗಳೊಡನೆ ಹೋಲಿಸಿ ಹೇಳಲು ಸಾಧ್ಯವಾಯಿತು.